ಹದಿಹರೆಯದವರಲ್ಲಿ ಲೋಹದ ಅಲರ್ಜಿ: ಮಂಗಳೂರು, ಉಡುಪಿಯ ಮನೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕಿವಿ ಚುಚ್ಚಿಸಿದ ಮೇಲೆ ಮಾಯದ ಹುಣ್ಣು, ಹೊಕ್ಕುಳ ಕೆಳಗೆ ತಿಂಗಳುಗಟ್ಟಲೆ ತುರಿಸುವ ಕಪ್ಪು ಕಲೆ, ವಾಚು ಕಟ್ಟಿದ ಜಾಗದಲ್ಲಿ ಒರಟಾದ ಚರ್ಮ. ಇವುಗಳ ಹಿಂದೆ ಬಹಳ ಸಲ ಇರುವುದು ನಿಕ್ಕಲ್. ಈ ಅಲರ್ಜಿ ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವಮಾನವಿಡೀ ಉಳಿಯುತ್ತದೆ, ಮತ್ತು ಅದು ಬರುವ ದಾರಿ ಹೆಚ್ಚಾಗಿ ತೆರೆಯುವುದು ಹದಿಹರೆಯದ ಅಭ್ಯಾಸಗಳಲ್ಲಿ. ಹೆತ್ತವರೂ ಮಕ್ಕಳೂ ಇದನ್ನು ಒಟ್ಟಿಗೆ ಓದಿದರೆ ಒಳ್ಳೆಯದು. ಮನೆಯಲ್ಲಿ ಇನ್ನೂ ಕಿವಿ ಚುಚ್ಚಿಸದ ಮಗು ಇದ್ದರೆ ಖಂಡಿತ ಓದಿ.

ಲೋಹದ ಅಲರ್ಜಿ ಎಂದರೆ ಚರ್ಮದೊಳಗೆ ಏನಾಗುತ್ತದೆ?

ಗಟ್ಟಿ ಲೋಹ ಚರ್ಮದೊಳಗೆ ಇಳಿಯುವುದಿಲ್ಲ. ಬೆವರಿನ ಉಪ್ಪು ಮತ್ತು ಆಮ್ಲ ಅದರ ಮೇಲ್ಮೈಯನ್ನು ಅತ್ಯಲ್ಪ ಪ್ರಮಾಣದಲ್ಲಿ ಕರಗಿಸುತ್ತವೆ. ಹಾಗೆ ಕರಗಿದ ನಿಕ್ಕಲ್ ಅಯಾನುಗಳು ಚರ್ಮದ ಪ್ರೋಟೀನಿಗೆ ಅಂಟಿಕೊಂಡಾಗ ದೇಹದ ಟಿ ಜೀವಕೋಶಗಳು (ರೋಗನಿರೋಧಕ ಕೋಶಗಳು) ಅದನ್ನು ಪರಕೀಯವೆಂದು ಗುರುತಿಟ್ಟುಕೊಳ್ಳುತ್ತವೆ. ಈ ಗುರುತಿಡುವ ಹಂತದಲ್ಲಿ ಹೊರಗೆ ಏನೂ ಕಾಣುವುದಿಲ್ಲ. ಕೆಲವರಲ್ಲಿ ಇದು ವಾರಗಳಲ್ಲಿ ಮುಗಿಯುತ್ತದೆ, ಕೆಲವರಲ್ಲಿ ವರ್ಷಗಳೇ ಹಿಡಿಯುತ್ತವೆ. "ಇದೇ ಬೆಂಡೋಲೆಯನ್ನು ನಾಲ್ಕು ವರ್ಷ ಹಾಕಿದ್ದೇನೆ, ಈಗ ಹೇಗೆ ಅಲರ್ಜಿ ಆಗುತ್ತದೆ?" ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಇದೆ.

ಗುರುತು ಮೂಡಿದ ಮೇಲೆ ಪ್ರತಿ ಸಲ ಲೋಹ ತಾಗಿದಾಗಲೂ ಸುಮಾರು 24ರಿಂದ 72 ಗಂಟೆಗಳೊಳಗೆ ತುರಿಕೆ, ಕೆಂಪು, ಸಣ್ಣ ನೀರ್ಗುಳ್ಳೆ ಏಳುತ್ತವೆ. ಈ ತಡವೇ ದಾರಿ ತಪ್ಪಿಸುವುದು. ಭಾನುವಾರ ಮದುವೆಗೆ ಜುಮಕಿ ಹಾಕಿದ ಹುಡುಗಿಗೆ ಮಂಗಳವಾರ ಕಿವಿ ತುರಿಸತೊಡಗುತ್ತದೆ, ಮನೆಯವರು ಸೋಮವಾರ ತಿಂದ ಸಿಗಡಿಯನ್ನು ದೂರುತ್ತಾರೆ.

ಅಲರ್ಜಿ ತರುವ ಲೋಹಗಳಲ್ಲಿ ನಿಕ್ಕಲ್ ಮೊದಲನೆಯದು. ಅದರ ಹಿಂದೆ ಕೋಬಾಲ್ಟ್ ಮತ್ತು ಕ್ರೋಮಿಯಂ ಬರುತ್ತವೆ. ಚಿನ್ನದಿಂದ ತೊಂದರೆಯಾಗುವುದು ಕಡಿಮೆ, ಟೈಟಾನಿಯಂನಿಂದ ಬಹಳ ಅಪರೂಪ.

ನಮ್ಮ ಕರಾವಳಿಯ ಸೆಕೆಗೂ ಇದಕ್ಕೂ ಸಂಬಂಧವಿದೆಯೇ?

ಇದೆ. ನಿಕ್ಕಲ್ ಎಷ್ಟು ಕರಗುತ್ತದೆ ಎಂಬುದನ್ನು ನಿರ್ಧರಿಸುವುದು ಬೆವರಿನಲ್ಲಿರುವ ಕ್ಲೋರೈಡ್ ಮತ್ತು ಒದ್ದೆ ಉಳಿಯುವ ಸಮಯ. ಮಾರ್ಚ್‌ನಿಂದ ಮೇ ತನಕ ಇಲ್ಲಿ ಬೆವರು ಆರುವುದೇ ಇಲ್ಲ. ಮಳೆಗಾಲದಲ್ಲಿ ಬಟ್ಟೆ, ಬೆಲ್ಟು, ಚಪ್ಪಲಿ ಎಲ್ಲವೂ ತೇವ. ಅದೇ ಬಕಲ್ ಡಿಸೆಂಬರ್‌ನಲ್ಲಿ ಏನೂ ಮಾಡದೆ ಏಪ್ರಿಲ್‌ನಲ್ಲಿ ಚರ್ಮ ಸುಲಿಯುವಂತೆ ಮಾಡಬಹುದು. ಮಲ್ಪೆ, ಪಣಂಬೂರಿನ ಕಡಲಲ್ಲಿ ಒಡವೆ ಹಾಕಿಕೊಂಡೇ ಇಳಿದು ಸಿಹಿನೀರಲ್ಲಿ ತೊಳೆಯದೆ ಮನೆಗೆ ಬರುವ ಅಭ್ಯಾಸವಿದ್ದರೆ ಅದನ್ನು ಮೊದಲು ಬಿಡಿ. ಒಡವೆ ತೆಗೆದಿಟ್ಟು ಇಳಿಯಿರಿ. ತೆಗೆಯಲಾಗದಿದ್ದರೆ ಬಂದ ತಕ್ಷಣ ನಲ್ಲಿ ನೀರಲ್ಲಿ ತೊಳೆದು, ಒಡವೆಯನ್ನೂ ಅದರಡಿಯ ಚರ್ಮವನ್ನೂ ಪೂರ್ತಿ ಒರೆಸಿ.

ಯಾವ ಅಭ್ಯಾಸಗಳು ಅಪಾಯವನ್ನು ಹೆಚ್ಚಿಸುತ್ತವೆ?

ಎಲ್ಲಕ್ಕಿಂತ ದೊಡ್ಡದು ಅಗ್ಗದ ಲೋಹದಲ್ಲಿ ಕಿವಿ, ಮೂಗು ಚುಚ್ಚಿಸಿಕೊಳ್ಳುವುದು. ಹಸಿ ಗಾಯದಲ್ಲಿ ಚರ್ಮದ ತಡೆಗೋಡೆಯೇ ಇರುವುದಿಲ್ಲ. ಲೋಹ ನೇರವಾಗಿ ಉರಿಯೂತವಿರುವ ಮಾಂಸದಲ್ಲಿ, ಅದೂ ಹಗಲು ರಾತ್ರಿ ಕೂತಿರುತ್ತದೆ. ತೂತುಗಳ ಸಂಖ್ಯೆ ಹೆಚ್ಚಿದಷ್ಟೂ ಅಲರ್ಜಿಯ ಸಾಧ್ಯತೆ ಹೆಚ್ಚುವುದನ್ನು ಹಲವು ದೇಶಗಳ ಅಧ್ಯಯನಗಳು ಕಂಡಿವೆ. ಹುಡುಗಿಯರಲ್ಲಿ ಈ ಅಲರ್ಜಿ ಹುಡುಗರಿಗಿಂತ ಬಹಳ ಹೆಚ್ಚು ಕಾಣುವುದಕ್ಕೆ ಮುಖ್ಯ ಕಾರಣ ಇದೇ. ಈಗ ಹುಡುಗರೂ ಕಿವಿ, ಹುಬ್ಬು ಚುಚ್ಚಿಸಿಕೊಳ್ಳುತ್ತಿರುವುದರಿಂದ ಅವರಿಗೂ ಅದೇ ಎಚ್ಚರಿಕೆ ಬೇಕು.

ಎರಡನೆಯದು, ತೆಗೆಯದೇ ಇರುವುದು. ಜಾತ್ರೆಯ ಸಂತೆಯಲ್ಲಿ ಕೊಂಡ ಉಂಗುರವನ್ನು ಒಂದು ಸಂಜೆ ಹಾಕುವುದು ಬೇರೆ, ಅದೇ ಉಂಗುರದಲ್ಲಿ ಪಾತ್ರೆ ತೊಳೆದು, ಕಬಡ್ಡಿ ಆಡಿ, ಸ್ನಾನ ಮಾಡಿ, ಮಲಗುವುದು ಬೇರೆ. ಉಂಗುರದಡಿ ಸಿಕ್ಕಿಕೊಂಡ ಸಾಬೂನಿನ ನೀರು ಮೊದಲು ಚರ್ಮವನ್ನು ಒಡೆಯುತ್ತದೆ, ಆಮೇಲೆ ನಿಕ್ಕಲ್‌ಗೆ ದಾರಿ ಸುಲಭ.

"ಸ್ವಲ್ಪ ಹೊತ್ತು ಮಾತ್ರ ಹಾಕಿದ್ದು" ಎನ್ನುವವರಿಗೆ ಒಂದು ಅಳತೆಗೋಲು ಉಂಟು. ಐರೋಪ್ಯ ಒಕ್ಕೂಟದ ಲೆಕ್ಕದಲ್ಲಿ ಎರಡು ವಾರದೊಳಗೆ ಒಮ್ಮೆ 30 ನಿಮಿಷ, ಅಥವಾ ಮೂರು ಸಲ ತಲಾ 10 ನಿಮಿಷ ಚರ್ಮಕ್ಕೆ ತಾಗುವ ವಸ್ತುವೇ 'ದೀರ್ಘ ಸಂಪರ್ಕ'ದ ವಸ್ತು. ಅಂಥವುಗಳಿಂದ ವಾರಕ್ಕೆ ಚದರ ಸೆಂಟಿಮೀಟರಿಗೆ 0.5 ಮೈಕ್ರೋಗ್ರಾಂಗಿಂತ, ತೂತಿನೊಳಗೆ ಕೂರುವ ಕಡ್ಡಿಯಾದರೆ 0.2 ಮೈಕ್ರೋಗ್ರಾಂಗಿಂತ ಹೆಚ್ಚು ನಿಕ್ಕಲ್ ಹೊರಬರಬಾರದು. ಇಂಥ ಮಿತಿ ಜಾರಿಗೆ ಬಂದ ಮೇಲೆ ಡೆನ್ಮಾರ್ಕ್‌ನ ಎಳೆಯ ಹುಡುಗಿಯರಲ್ಲಿ ಈ ಅಲರ್ಜಿ ಇಳಿಯಿತು. ನಮ್ಮ ಫ್ಯಾನ್ಸಿ ಅಂಗಡಿಯ ಚೀಟಿಯಲ್ಲಿ 'ನಿಕ್ಕಲ್ ಫ್ರೀ' ಎಂದು ಬರೆದಿದ್ದರೆ ಅದು ಮಾರುವವರ ಮಾತು ಮಾತ್ರ, ಪರೀಕ್ಷೆಯ ಮುದ್ರೆಯಲ್ಲ.

ಉಳಿದವು ಚಿಕ್ಕವು: ಸೀರೆ, ದುಪಟ್ಟಾಕ್ಕೆ ಚುಚ್ಚಿದ ಸೇಫ್ಟಿ ಪಿನ್ನು ಭುಜಕ್ಕೆ ಒರಸುವುದು, ಉಡಿದಾರದ ತಾಯಿತ, ಒಳಉಡುಪಿನ ಕೊಕ್ಕೆ, ಐಡಿ ಕಾರ್ಡಿನ ಕ್ಲಿಪ್ಪು, ಹಲ್ಲಲ್ಲಿ ಹೇರ್‌ಪಿನ್ ಕಚ್ಚಿ ಹಿಡಿಯುವುದು, ಕನ್ನಡಕದ ಲೋಹದ ಕಾಲು. ಹಳೆಯ ಫೋನಿನ ಲೋಹದ ಅಂಚು ಕೆನ್ನೆಗೆ ತಾಗುತ್ತಿದ್ದರೆ ಪ್ಲಾಸ್ಟಿಕ್ ಕವರು ಹಾಕಿ. ಅಷ್ಟು ಸಾಕು.

ಕಿವಿ ಚುಚ್ಚಿಸಬೇಕು. ಸರಿಯಾದ ಕ್ರಮ ಯಾವುದು?

ಮೊದಲ ಕಡ್ಡಿಯ ಲೋಹವೇ ಮುಖ್ಯ. ಆಯ್ಕೆಯ ಕ್ರಮ ಹೀಗಿರಲಿ: ದೇಹದೊಳಗೆ ಅಳವಡಿಸುವ ದರ್ಜೆಯ ಟೈಟಾನಿಯಂ, ಇಲ್ಲವೇ ನಿಯೋಬಿಯಂ, ಇಲ್ಲವೇ ಹಾಲ್‌ಮಾರ್ಕ್ ಇರುವ 22 ಕ್ಯಾರಟ್ ಹಳದಿ ಚಿನ್ನ. ನಮ್ಮ ಹಿರಿಯರು ಅಕ್ಕಸಾಲಿಗರ ಕೈಯಲ್ಲಿ ಚಿನ್ನದ ತಂತಿಯಿಂದಲೇ ಚುಚ್ಚಿಸುತ್ತಿದ್ದ ಪದ್ಧತಿ ಲೋಹದ ಮಟ್ಟಿಗೆ ಸರಿಯಾದದ್ದೇ. ಅದಕ್ಕೆ ಸೇರಬೇಕಾದದ್ದು ಶುಚಿತ್ವ: ಪ್ರತಿಯೊಬ್ಬರಿಗೂ ಹೊಸ, ಆಗಷ್ಟೇ ಪೊಟ್ಟಣ ಒಡೆದು ತೆಗೆದ ಸೂಜಿ, ಕೈಗವಸು, ಸ್ಪಿರಿಟ್‌ನಿಂದ ಒರೆಸಿದ ಹಾಲೆ. ಪಿಸ್ತೂಲಿನಂಥ ಗನ್ ಅಂಗಾಂಶವನ್ನು ಜಜ್ಜುತ್ತದೆ. ಪ್ಲಾಸ್ಟಿಕ್ ಭಾಗಗಳಿರುವ ಗನ್ನನ್ನು ಆಟೋಕ್ಲೇವ್‌ನಲ್ಲಿ (ಬಿಸಿ ಹಬೆಯಿಂದ ಕ್ರಿಮಿ ಕೊಲ್ಲುವ ಯಂತ್ರದಲ್ಲಿ) ಪೂರ್ತಿ ಶುದ್ಧಿ ಮಾಡಲಾಗುವುದಿಲ್ಲ. ಕಿವಿಯ ಮೇಲ್ಭಾಗದ ಮೃದ್ವಸ್ಥಿಗೆ ಗನ್ ಬೇಡವೇ ಬೇಡ.

ಹಾಲೆಯ ಗಾಯ ಮಾಯಲು 6ರಿಂದ 8 ವಾರ ಬೇಕು, ಮೃದ್ವಸ್ಥಿಗೆ 6ರಿಂದ 12 ತಿಂಗಳು. ಅಷ್ಟರವರೆಗೆ ಓಲೆ ಬದಲಿಸಬೇಡಿ. ತಪ್ಪಾಗುವುದು ಹೆಚ್ಚಾಗಿ ಇಲ್ಲೇ: ಮೂರನೇ ವಾರಕ್ಕೆ ಯಾರದೋ ಮದುವೆ ಬರುತ್ತದೆ, ಚಿನ್ನದ ಕಡ್ಡಿ ತೆಗೆದು ಸೀರೆಗೆ ಹೊಂದುವ ಫ್ಯಾನ್ಸಿ ಜುಮಕಿ ಹಾಕುತ್ತಾರೆ. ಇನ್ನೊಂದು ತಪ್ಪು ತಿರುಪಿನದ್ದು. ಮುಂದಿನ ಬೊಟ್ಟು ಚಿನ್ನದ್ದು, ಆದರೆ ಕಳೆದುಹೋದ ತಿರುಪಿನ ಬದಲು ಹತ್ತು ರೂಪಾಯಿಯ ಲೋಹದ ತಿರುಪು. ಕಿವಿಯ ಹಿಂಬದಿ ಮಾತ್ರ ಹುಣ್ಣಾದರೆ ಮೊದಲು ತಿರುಪನ್ನು ನೋಡಿ.

ಆರೈಕೆಗೆ ಔಷಧದ ಅಂಗಡಿಯ 0.9 ಶೇಕಡಾ ಸಲೈನ್ (ಶುದ್ಧ ಉಪ್ಪುನೀರು) ಸಾಕು. ದಿನಕ್ಕೆ ಎರಡು ಸಲ ಹತ್ತಿಯಲ್ಲಿ ಅದ್ದಿ ಒರೆಸಿ, ಒಣಗಿಸಿ. ಅರಿಶಿನ ಕಲಸಿದ ತೆಂಗಿನೆಣ್ಣೆಯನ್ನು ಹಸಿ ತೂತಿಗೆ ತುಂಬಬೇಡಿ. ಎಣ್ಣೆ ಗಾಯವನ್ನು ತೇವವಾಗಿಯೇ ಇಡುತ್ತದೆ, ಅಡುಗೆಮನೆಯ ಅರಿಶಿನ ಕ್ರಿಮಿರಹಿತವೂ ಅಲ್ಲ.

ಮೃದ್ವಸ್ಥಿ ಕೆಂಪಾಗಿ, ಬಿಸಿಯಾಗಿ ಊದಿ, ಮುಟ್ಟಿದರೆ ನೋವಾದರೆ ಅದು ಅಲರ್ಜಿಯಲ್ಲ, ಸೋಂಕು. ಅದೇ ದಿನ ವೈದ್ಯರನ್ನು ಕಾಣಬೇಕು. ತಡವಾದರೆ ಕಿವಿಯ ಆಕಾರವೇ ಕೆಡುತ್ತದೆ.

ಹಲ್ಲಿಗೆ ಕ್ಲಿಪ್ ಹಾಕಿಸುವುದೂ ಇದೆ, ಕಿವಿ ಚುಚ್ಚಿಸುವುದೂ ಇದೆ. ಯಾವುದು ಮೊದಲು?

ಸಾಧ್ಯವಿದ್ದರೆ ಕ್ಲಿಪ್ ಮೊದಲು. ಕ್ಲಿಪ್ಪಿನ ನಿಕ್ಕಲ್–ಟೈಟಾನಿಯಂ ತಂತಿಯಲ್ಲಿ ಸರಿಸುಮಾರು ಅರ್ಧದಷ್ಟು ನಿಕ್ಕಲ್ ಇದ್ದರೂ, ಕಿವಿ ಚುಚ್ಚಿಸುವ ಮೊದಲೇ ಕ್ಲಿಪ್ ಹಾಕಿಸಿಕೊಂಡ ಹದಿಹರೆಯದವರಲ್ಲಿ ನಿಕ್ಕಲ್ ಅಲರ್ಜಿ ಕಡಿಮೆ ಇರುವುದನ್ನು ಸ್ವೀಡನ್ ಮೊದಲಾದ ದೇಶಗಳ ಅಧ್ಯಯನಗಳು ತೋರಿಸಿವೆ. ಬಾಯಿಯ ಮೂಲಕ ಅಲ್ಪಸ್ವಲ್ಪ ಒಳಹೋಗುವ ನಿಕ್ಕಲ್ಲನ್ನು ದೇಹ ಸಹಿಸಲು ಕಲಿಯುತ್ತದೆ ಎಂಬುದು ಇದಕ್ಕೆ ಕೊಡುವ ವಿವರಣೆ. ಹಾಗೆಂದು ಅಲರ್ಜಿ ತಡೆಯಲೆಂದೇ ಯಾರೂ ಕ್ಲಿಪ್ ಹಾಕಿಸಬೇಕಾಗಿಲ್ಲ.

ಈಗಾಗಲೇ ಅಲರ್ಜಿ ಇರುವವರೂ ಕ್ಲಿಪ್ ಹಾಕಿಸಬಹುದು, ಹೆಚ್ಚಿನವರಿಗೆ ಬಾಯಲ್ಲಿ ತೊಂದರೆಯಾಗುವುದಿಲ್ಲ. ದಂತವೈದ್ಯರಿಗೆ ಮೊದಲೇ ಹೇಳಿ. ತುಟಿ ಊದುವುದು, ಬಾಯಿಯ ಮೂಲೆ ಬಿರಿಯುವುದು, ಒಸಡು ಉರಿಯುವುದು ಶುರುವಾದರೆ ಸೆರಾಮಿಕ್ ಬ್ರಾಕೆಟ್, ಟೈಟಾನಿಯಂ–ಮಾಲಿಬ್ಡಿನಂ ತಂತಿ ಅಥವಾ ಪಾರದರ್ಶಕ ಅಲೈನರ್‌ಗೆ ಬದಲಾಯಿಸಲು ಬರುತ್ತದೆ.

ಚಿನ್ನ, ಬೆಳ್ಳಿ, ಒಂದು ಗ್ರಾಂ ಗೋಲ್ಡ್, ಜರ್ಮನ್ ಸಿಲ್ವರ್: ಯಾವುದನ್ನು ನಂಬಬಹುದು?

916 ಚಿನ್ನದಲ್ಲಿ 91.6 ಶೇಕಡಾ ಚಿನ್ನ, ಉಳಿದದ್ದು ಸಾಮಾನ್ಯವಾಗಿ ತಾಮ್ರ ಮತ್ತು ಬೆಳ್ಳಿ. ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಚಿಹ್ನೆ, 22ಕೆ916 ಎಂಬ ಶುದ್ಧತೆಯ ಗುರುತು, ಆರು ಅಕ್ಷರಾಂಕೆಗಳ ಎಚ್‌ಯುಐಡಿ (ಆ ಒಡವೆಯದೇ ಗುರುತಿನ ಸಂಖ್ಯೆ) ಮೂರೂ ಇರಬೇಕು. ಎಚ್‌ಯುಐಡಿಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು. ಬಿಳಿ ಚಿನ್ನದ ವಿಷಯ ಬೇರೆ: ಅದನ್ನು ಬೆಳ್ಳಗಾಗಿಸಲು ನಿಕ್ಕಲ್ ಬಳಸಿರಬಹುದು, ಪಲ್ಲಾಡಿಯಂ ಬಳಸಿರಲೂಬಹುದು. ಕೇಳಿಯೇ ಕೊಳ್ಳಿ.

ಒಂದು ಗ್ರಾಂ ಗೋಲ್ಡ್ ಎಂದರೆ ಹಿತ್ತಾಳೆ ಅಥವಾ ತಾಮ್ರದ ಒಡವೆಗೆ ಚಿನ್ನದ ತೆಳು ಲೇಪ. ಲೇಪ ಹೊಳೆಯಲೆಂದು ಅದರಡಿ ನಿಕ್ಕಲ್ ಪದರ ಕೊಡುವುದು ರೂಢಿ. ಹೊಸದಿರುವಾಗ ಏನೂ ಆಗದೆ, ಮೂರ್ನಾಲ್ಕು ತಿಂಗಳಲ್ಲಿ ಕೊಂಡಿಯ ಹತ್ತಿರ ಚಿನ್ನ ಸವೆದ ಮೇಲೆ ಕುತ್ತಿಗೆಯ ಹಿಂಭಾಗ ಮಾತ್ರ ತುರಿಸುವುದು ಇದರ ಲಕ್ಷಣ.

ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿ ಒಂದಿನಿತೂ ಇಲ್ಲ. ತಾಮ್ರ, ಸತು, ನಿಕ್ಕಲ್‌ಗಳ ಮಿಶ್ರಲೋಹ ಅದು. ಕಾಲೇಜು ಹುಡುಗಿಯರು ಕಾಟನ್ ಸೀರೆಗೆ ಒಪ್ಪುತ್ತದೆಂದು ಪ್ರೀತಿಯಿಂದ ಹಾಕುವ 'ಆಕ್ಸಿಡೈಸ್ಡ್' ಒಡವೆಗಳಲ್ಲಿ ಬಹಳಷ್ಟು ಇದರವೇ. ಅಲರ್ಜಿ ಇರುವವರಿಗೆ ಇದಕ್ಕಿಂತ ಕೆಟ್ಟ ಆಯ್ಕೆ ಇಲ್ಲ. ನೋಟಕ್ಕೆ ಅದೇ ಬೇಕಿದ್ದರೆ 925 ಗುರುತಿನ ಬೆಳ್ಳಿ, ಟೆರಾಕೋಟಾ, ನೂಲು, ಮರದ ಒಡವೆ ನೋಡಿ. ಆದರೆ ಟೆರಾಕೋಟಾ ಜುಮಕಿಯ ಕೊಕ್ಕೆಯೂ ಲೋಹದ್ದೇ ಎಂಬುದು ನೆನಪಿರಲಿ, ಕೊಕ್ಕೆಯನ್ನು ಬದಲಿಸಿಕೊಳ್ಳಿ.

ಸ್ಟೀಲ್ ಆದರೆ ಪರವಾಗಿಲ್ಲ, ಅಯಸ್ಕಾಂತ ಅಂಟದಿದ್ದರೆ ಒಳ್ಳೆಯ ಸ್ಟೀಲ್ ಎನ್ನುತ್ತಾರಲ್ಲ?

ಅಯಸ್ಕಾಂತದಿಂದ ಈ ವಿಷಯ ತಿಳಿಯುವುದಿಲ್ಲ. 304 ದರ್ಜೆಯ ಸ್ಟೀಲ್‌ಗೆ ಅಯಸ್ಕಾಂತ ಅಂಟುವುದಿಲ್ಲ, ಆದರೆ ಅದರಲ್ಲಿ ಸುಮಾರು 8ರಿಂದ 10.5 ಶೇಕಡಾ ನಿಕ್ಕಲ್ ಇದೆ. 316ಎಲ್‌ನಲ್ಲಿ 10ರಿಂದ 14 ಶೇಕಡಾ. ಅಂಟುವ 430 ಸ್ಟೀಲ್‌ನಲ್ಲಿ ನಿಕ್ಕಲ್ ಇಲ್ಲವೆನ್ನಬಹುದು. ಲೆಕ್ಕಕ್ಕೆ ಬರುವುದು ಎಷ್ಟು ನಿಕ್ಕಲ್ ಇದೆ ಎಂಬುದಲ್ಲ, ಎಷ್ಟು ಹೊರಬರುತ್ತದೆ ಎಂಬುದು. ಒಳ್ಳೆಯ ಸ್ಟೀಲ್ ಮೇಲೆ ಕ್ರೋಮಿಯಂ ಆಕ್ಸೈಡಿನ ಪೊರೆ ಇರುವುದರಿಂದ 316ಎಲ್ ಬಿಡುವ ನಿಕ್ಕಲ್ ಬಹಳ ಕಡಿಮೆ. ವಾಚಿನ ಪಟ್ಟಿಗೆ ಅದು ಹೆಚ್ಚಿನವರಿಗೆ ಆಗುತ್ತದೆ, ಹೊಸ ತೂತಿಗೆ ಬೇಡ. ಅಗ್ಗದ ಸ್ಟೀಲ್ ಉಪ್ಪುಗಾಳಿಗೆ ಬೇಗ ಚುಕ್ಕಿ ಚುಕ್ಕಿಯಾಗಿ ತುಕ್ಕು ಹಿಡಿಯುತ್ತದೆ. ಚುಕ್ಕಿ ಕಂಡ ಒಡವೆಯನ್ನು ಮತ್ತೆ ಮೈಗೆ ಹಾಕಬೇಡಿ. ಊಟದ ಡಬ್ಬಿ, ನೀರಿನ ಬಾಟಲಿಗಳ ಬಗ್ಗೆ ಚಿಂತೆ ಬೇಡ.

ಮನೆಯಲ್ಲೇ ಒಡವೆಯನ್ನು ಪರೀಕ್ಷಿಸಬಹುದೇ?

ಪರೀಕ್ಷಿಸಬಹುದು. ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಲವಣ ವಿಶ್ಲೇಷಣೆಯಲ್ಲಿ ನಿಕ್ಕಲ್ ಗುರುತಿಸಲು ಹಾಕುವ ಡೈಮೀಥೈಲ್ ಗ್ಲೈಆಕ್ಸೈಮ್ (ಡಿಎಂಜಿ) ಇಲ್ಲಿಯೂ ಕೆಲಸಕ್ಕೆ ಬರುತ್ತದೆ. ಆನ್‌ಲೈನ್‌ನಲ್ಲಿ ಇದರ ಕಿಟ್ ಸಿಗುತ್ತದೆ: ಒಂದು ಬಾಟಲಿಯಲ್ಲಿ ಆಲ್ಕೋಹಾಲಿನಲ್ಲಿ ಕರಗಿಸಿದ 1 ಶೇಕಡಾ ಡಿಎಂಜಿ, ಇನ್ನೊಂದರಲ್ಲಿ 10 ಶೇಕಡಾ ಅಮೋನಿಯಾ.

ಒಡವೆಯನ್ನು ಸಾಬೂನಿನಲ್ಲಿ ತೊಳೆದು ಒಣಗಿಸಿ. ಹತ್ತಿ ಸುತ್ತಿದ ಕಡ್ಡಿಗೆ ಎರಡೂ ದ್ರಾವಣಗಳ ಎರಡೆರಡು ಹನಿ ಹಾಕಿ. ಚರ್ಮಕ್ಕೆ ತಾಗುವ ಬದಿಯನ್ನು, ಮುಖ್ಯವಾಗಿ ಕೊಂಡಿ ಮತ್ತು ತಿರುಪನ್ನು, 30 ಸೆಕೆಂಡು ಉಜ್ಜಿ. ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗಿದರೆ ನಿಕ್ಕಲ್ ಹೊರಬರುತ್ತಿದೆ. ಕಂದು ಅಥವಾ ತುಕ್ಕಿನ ಬಣ್ಣ ಬಂದರೆ ಅದು ಕಬ್ಬಿಣ, ತಾಮ್ರದ ಗಲಾಟೆ, ಇನ್ನೊಂದು ಜಾಗದಲ್ಲಿ ಮತ್ತೆ ನೋಡಿ. ಬಣ್ಣ ಬಾರದಿದ್ದರೆ ಈ ಹೊತ್ತಿಗೆ ಬರುತ್ತಿಲ್ಲ ಎಂದಷ್ಟೇ ಅರ್ಥ. ಲೇಪ ಸವೆದ ಮೇಲೆ ಉತ್ತರ ಬದಲಾಗಬಹುದು, ಹಾಗಾಗಿ ದಿನಬಳಕೆಯ ಒಡವೆಯನ್ನು ಆರು ತಿಂಗಳಿಗೊಮ್ಮೆ ನೋಡುವುದು ಒಳ್ಳೆಯದು. ಕಿಟಕಿ ತೆರೆದಿಟ್ಟು ಮಾಡಿ, ಮುತ್ತು, ಹವಳಕ್ಕೆ ಹಚ್ಚಬೇಡಿ, ಮೈಮೇಲೆ ಇರುವಾಗ ಪರೀಕ್ಷಿಸಬೇಡಿ.

ಉಂಗುರ ಹಾಕಿದರೆ ಬೆರಳು ಹಸಿರಾಗುತ್ತದೆ. ಅಲರ್ಜಿಯೇ?

ಅಲ್ಲ. ತಾಮ್ರ ಬೆವರಿನೊಂದಿಗೆ ಸೇರಿ ಆಗುವ ಲವಣದ ಬಣ್ಣ ಅದು, ಸಾಬೂನಿಗೆ ಹೋಗುತ್ತದೆ. ಬೆಳ್ಳಿಯ ಕಪ್ಪು ಗೆರೆಯೂ ಹಾಗೆಯೇ. ತುರಿಕೆ, ಗುಳ್ಳೆ, ಚರ್ಮ ಸುಲಿಯುವುದು ಇದ್ದರೆ ಮಾತ್ರ ಅಲರ್ಜಿಯ ಯೋಚನೆ ಮಾಡಿ.

ಹೊಕ್ಕುಳ ಕೆಳಗಿನ ಕಲೆಗೆ ಎಷ್ಟು ಮುಲಾಮು ಹಚ್ಚಿದರೂ ಮತ್ತೆ ಬರುತ್ತಿದೆ. ಯಾಕೆ?

ಬೆಲ್ಟಿನ ಬಕಲ್ ಅಥವಾ ಜೀನ್ಸಿನ ಗುಂಡಿ ಅಲ್ಲೇ ಇರುವುದರಿಂದ. ಹುಡುಗರಲ್ಲಿ ನಿಕ್ಕಲ್ ಅಲರ್ಜಿ ಹೆಚ್ಚಾಗಿ ಮೊದಲು ಕಾಣುವ ಜಾಗ ಇದು. ಮುಂದೆ ಬಾಗಿ ಕೂರುವಾಗ, ಬೈಕಿನಲ್ಲಿ ಹೋಗುವಾಗ ಬಕಲ್ಲಿನ ಒಳಬದಿ ಹೊಟ್ಟೆಗೆ ಒತ್ತುತ್ತದೆ. ಬೆವರಿದರೆ ತೆಳು ಅಂಗಿಯ ಮೂಲಕವೂ ನಿಕ್ಕಲ್ ದಾಟುತ್ತದೆ.

ಪ್ಲಾಸ್ಟಿಕ್ ಬಕಲ್ಲಿನ ಬಟ್ಟೆ ಬೆಲ್ಟು ಇದಕ್ಕೆ ನೇರ ಪರಿಹಾರ. ಶಾಲೆಯ ಯೂನಿಫಾರಂ ಬೆಲ್ಟೇ ಬೇಕೆಂದಾದರೆ ಬಕಲ್ಲಿನ ಒಳಬದಿಗೆ ದಪ್ಪ ಬಟ್ಟೆಯ ಟೇಪ್ ಅಂಟಿಸಿ, ಬನಿಯನ್ನು ಪ್ಯಾಂಟಿನೊಳಗೆ ಸಿಕ್ಕಿಸಿ. ಜೀನ್ಸಿನ ಗುಂಡಿ ಕಿತ್ತು ಪ್ಲಾಸ್ಟಿಕ್ ಗುಂಡಿ ಹೊಲಿಸುವುದು ದರ್ಜಿಗೆ ಐದು ನಿಮಿಷದ ಕೆಲಸ. ಬಣ್ಣವಿಲ್ಲದ ನೈಲ್ ಪಾಲಿಶ್‌ನ ಎರಡು ಲೇಪವನ್ನೂ ಕೊಡಬಹುದು, ಆದರೆ ನಮ್ಮ ಸೆಕೆಯಲ್ಲಿ ಅದು ವಾರದೊಳಗೆ ಸಿಪ್ಪೆಯಂತೆ ಏಳುತ್ತದೆ, ಮತ್ತೆ ಮತ್ತೆ ಬಳಿಯಬೇಕು.

ಕಾರಣ ತೆಗೆದ ಮೇಲೂ ಹಳೆಯ ಕಲೆ ತಿಳಿಯಾಗಲು 4ರಿಂದ 6 ವಾರ, ಕಪ್ಪು ಹೋಗಲು ಅದಕ್ಕಿಂತ ಹೆಚ್ಚು ಬೇಕು. ಎರಡೇ ವಾರಕ್ಕೆ "ಬೆಲ್ಟಿನಿಂದ ಅಲ್ಲ" ಎಂದು ತೀರ್ಮಾನಿಸಬೇಡಿ.

ಅದು ಹುಳುಕಡ್ಡಿಯೂ ಆಗಿರಬಹುದಲ್ಲವೇ?

ಆಗಿರಬಹುದು, ನಮ್ಮ ಹವೆಯಲ್ಲಿ ಅದೂ ಧಾರಾಳ. ಹುಳುಕಡ್ಡಿಯ ಅಂಚು ಉಬ್ಬಿ ಉಂಗುರದಂತೆ ಹೊರಕ್ಕೆ ಹಬ್ಬುತ್ತದೆ, ನಡುವೆ ತಿಳಿಯಾಗುತ್ತದೆ, ತೊಡೆಸಂದಿಯಲ್ಲೂ ಇರುತ್ತದೆ. ನಿಕ್ಕಲ್ ಕಲೆ ತಾಗಿದ ವಸ್ತುವಿನ ಆಕಾರದಲ್ಲೇ ಕೂರುತ್ತದೆ. ಗೇರುಬೀಜದ ಹಂಗಾಮಿನಲ್ಲಿ ಇನ್ನೊಂದು ಸಾಧ್ಯತೆ ಇದೆ: ಗೇರು ಸಿಪ್ಪೆಯ ಸೊನೆ ತಾಗಿ ಕೈ, ತುಟಿ, ಮುಖದಲ್ಲಿ ಏಳುವ ಕಪ್ಪು ಸುಟ್ಟ ಗುಳ್ಳೆಗಳು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಚೀಟಿ ಇಲ್ಲದೆ ಸಿಗುವ 'ಮೂರೂ ಸೇರಿದ' ಕ್ರೀಮುಗಳಲ್ಲಿ, ಅಂದರೆ ತೀವ್ರ ಸ್ಟಿರಾಯ್ಡ್, ಶಿಲೀಂಧ್ರನಾಶಕ, ಆ್ಯಂಟಿಬಯಾಟಿಕ್ ಒಂದೇ ಟ್ಯೂಬಿನಲ್ಲಿರುವವುಗಳಲ್ಲಿ, ತುರಿಕೆ ಎರಡು ದಿನದಲ್ಲಿ ನಿಲ್ಲುತ್ತದೆ. ಹುಳುಕಡ್ಡಿಯಾಗಿದ್ದರೆ ಸ್ಟಿರಾಯ್ಡಿನ ಮರೆಯಲ್ಲಿ ಅದು ಹಬ್ಬುತ್ತದೆ. ಅಲರ್ಜಿಯಾಗಿದ್ದರೆ ಮೂಲ ಹಾಗೇ ಉಳಿದು, ತಿಂಗಳುಗಟ್ಟಲೆ ಹಚ್ಚಿದ ಚರ್ಮ ತೆಳುವಾಗಿ, ತೊಡೆಸಂದಿಯಲ್ಲಿ ಮಾಯದ ಬಿರಿಗೆರೆಗಳು ಮೂಡುತ್ತವೆ. ಹದಿಹರೆಯದ ಮಕ್ಕಳು ನಾಚಿಕೆಯಿಂದ ಹೇಳದೆ ಇದನ್ನು ಹಚ್ಚಿಕೊಳ್ಳುತ್ತಾರೆ. ಮನೆಯಲ್ಲಿ ಗದರದೆ ಕೇಳಿ.

ದದ್ದು ಎದ್ದಿದೆ. ಈಗ ಏನು ಮಾಡಬೇಕು?

ಲೋಹ ತೆಗೆಯಿರಿ. ಸೋರುತ್ತಿದ್ದರೆ ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಚಮಚ ಉಪ್ಪು ಹಾಕಿ, ಶುಭ್ರ ಬಟ್ಟೆ ಅದ್ದಿ 15 ನಿಮಿಷ ಇಡಿ, ದಿನಕ್ಕೆ ಎರಡು ಮೂರು ಸಲ. ಒಣಗಿದ್ದರೆ ವಾಸನೆಯಿಲ್ಲದ ಪೆಟ್ರೋಲಿಯಂ ಜೆಲ್ಲಿ. ವೈದ್ಯರು ಸಾಮಾನ್ಯವಾಗಿ ಮೈಗೆ ಮಧ್ಯಮ ಶಕ್ತಿಯ ಸ್ಟಿರಾಯ್ಡನ್ನು ಒಂದೆರಡು ವಾರಕ್ಕೆ, ಮುಖಕ್ಕೆ ಸೌಮ್ಯವಾದದ್ದನ್ನು ಕೆಲವೇ ದಿನಕ್ಕೆ ಬರೆಯುತ್ತಾರೆ. ತೋರುಬೆರಳ ತುದಿಯ ಗೆಣ್ಣಿನಷ್ಟು ಉದ್ದ ಹಿಂಡಿದ ಕ್ರೀಮು ಸುಮಾರು ಅರ್ಧ ಗ್ರಾಂ, ಅದು ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಸೆಟ್ರಿಜಿನ್‌ನಂಥ ಮಾತ್ರೆಯಿಂದ ರಾತ್ರಿಯ ತುರಿಕೆ ಸ್ವಲ್ಪ ತಗ್ಗೀತು, ದದ್ದು ಅದರಿಂದ ಮಾಯುವುದಿಲ್ಲ.

ರಕ್ತ ಪರೀಕ್ಷೆಯಲ್ಲಿ ಲೋಹದ ಅಲರ್ಜಿ ತಿಳಿಯುತ್ತದೆಯೇ?

ಸಾವಿರಾರು ರೂಪಾಯಿಯ 'ಅಲರ್ಜಿ ಪ್ಯಾನೆಲ್' ರಕ್ತದಲ್ಲಿರುವ ಐಜಿಇ ಎಂಬ ಪ್ರತಿಕಾಯವನ್ನು ಅಳೆಯುತ್ತದೆ. ನಿಕ್ಕಲ್ ಅಲರ್ಜಿಯಲ್ಲಿ ಐಜಿಇ ಪಾತ್ರವಿಲ್ಲ, ಹಾಗಾಗಿ ಆ ದುಡ್ಡು ವ್ಯರ್ಥ. ಬೇಕಾದದ್ದು ಪ್ಯಾಚ್ ಟೆಸ್ಟ್. ಮಣಿಪಾಲ, ಮಂಗಳೂರಿನ ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಚರ್ಮರೋಗ ವಿಭಾಗಗಳಲ್ಲಿ ವಿಚಾರಿಸಿ.

ಬೆನ್ನಿಗೆ ಸಣ್ಣ ಬಟ್ಟಲುಗಳ ಪಟ್ಟಿ ಅಂಟಿಸುತ್ತಾರೆ. ಅದರಲ್ಲಿ ಪೆಟ್ರೋಲಿಯಂ ಜೆಲ್ಲಿಯಲ್ಲಿ ಬೆರೆಸಿದ 5 ಶೇಕಡಾ ನಿಕ್ಕಲ್ ಸಲ್ಫೇಟ್, 1 ಶೇಕಡಾ ಕೋಬಾಲ್ಟ್ ಕ್ಲೋರೈಡ್, ಪೊಟ್ಯಾಸಿಯಂ ಡೈಕ್ರೋಮೇಟ್, ಜೊತೆಗೆ ಸುಗಂಧ, ರಬ್ಬರ್, ಕೂದಲ ಬಣ್ಣದ ಪದಾರ್ಥಗಳೂ ಇರುತ್ತವೆ. 48 ಗಂಟೆ ಬಿಟ್ಟು ತೆಗೆದು ಒಮ್ಮೆ, 72 ಅಥವಾ 96 ಗಂಟೆಗೆ ಇನ್ನೊಮ್ಮೆ ನೋಡುತ್ತಾರೆ. ಎರಡನೇ ಸಲ ಹೋಗದಿದ್ದರೆ ಅರ್ಧ ಪರೀಕ್ಷೆ. ಸೋಮವಾರ ಅಂಟಿಸಿದರೆ ಶುಕ್ರವಾರಕ್ಕೆ ಮುಗಿಯುತ್ತದೆ. ಅಷ್ಟು ದಿನ ಬೆನ್ನಿಗೆ ನೀರು ತಾಗಬಾರದು, ಆಟ ಬೇಡ, ಬೆವರಬಾರದು. ಅದಕ್ಕೇ ಡಿಸೆಂಬರ್‌ನಿಂದ ಫೆಬ್ರವರಿ ಇಲ್ಲಿ ಒಳ್ಳೆಯ ಕಾಲ, ಏಪ್ರಿಲ್‌ನಲ್ಲಿ ಪಟ್ಟಿ ಕಳಚಿ ಬೀಳುತ್ತದೆ. ಸ್ಟಿರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಬೆನ್ನಿಗೆ ಕ್ರೀಮು ಹಚ್ಚುತ್ತಿದ್ದರೆ ಮೊದಲೇ ತಿಳಿಸಿ.

ಮಳೆಗಾಲದಲ್ಲಿ ಪಾದದ ಮೇಲೆ ಚಪ್ಪಲಿಯ ಪಟ್ಟಿಯಂತೆಯೇ ದದ್ದು ಏಳುತ್ತದೆ. ಇದೂ ಲೋಹವೇ?

ಚರ್ಮದ ಚಪ್ಪಲಿಯಾದರೆ ಕ್ರೋಮಿಯಂ ಇರಬಹುದು. ತೊಗಲನ್ನು ಹದ ಮಾಡಲು ಕ್ರೋಮಿಯಂ ಲವಣ ಬಳಸುತ್ತಾರೆ, ತೊಯ್ದ ತೊಗಲಿನಿಂದ ಅದು ಬಿಟ್ಟುಕೊಳ್ಳುತ್ತದೆ. ರಬ್ಬರ್ ಚಪ್ಪಲಿಯಾದರೆ ರಬ್ಬರಿಗೆ ಬೆರೆಸುವ ರಾಸಾಯನಿಕಗಳೇ ಕಾರಣವಾಗಿರಬಹುದು. ಬೆರಳ ಸಂದಿಯಲ್ಲಿ ಬೆಳ್ಳಗೆ ನೆನೆದು ಬಿರಿದಿದ್ದರೆ ಶಿಲೀಂಧ್ರ. ಎರಡು ಜೊತೆ ಇಟ್ಟುಕೊಂಡು ಒಂದನ್ನು ಒಣಗಲು ಬಿಡಿ, ಬೂಟಿಗೆ ಹತ್ತಿಯ ಕಾಲುಚೀಲ ಹಾಕಿ ಮಧ್ಯಾಹ್ನ ಬದಲಿಸಿ.

ಹುಲಿವೇಷದ ಬಣ್ಣ, ಟ್ಯಾಟೂ, ಕಪ್ಪು ಮೆಹಂದಿ?

ಉಡುಪಿಯ ಅಷ್ಟಮಿಗೆ, ಮಂಗಳೂರಿನ ದಸರಾಕ್ಕೆ ವೇಷ ಹಾಕುವ ಹುಡುಗರ ಮೈ ಉರಿಯುವುದು ಹೆಚ್ಚಾಗಿ ಬಣ್ಣದ ದ್ರಾವಕದಿಂದ, ಆಮೇಲೆ ಸೀಮೆಎಣ್ಣೆಯಲ್ಲಿ ತಿಕ್ಕಿ ತೆಗೆಯುವುದರಿಂದ. ಕೆಲವು ಹಳದಿ ಎನಾಮೆಲ್‌ಗಳಲ್ಲಿ ಸೀಸದ ಕ್ರೋಮೇಟ್ ಇರುತ್ತದೆ, ಅದು ಅಲರ್ಜಿಗಿಂತ ದೊಡ್ಡ ಚಿಂತೆ. ಮೈಗೆಂದೇ ಮಾಡಿದ ಬಣ್ಣ ಬಳಸಿ, ಮೊದಲು ತೆಂಗಿನೆಣ್ಣೆ ಹಚ್ಚಿ, ತೆಗೆಯುವಾಗಲೂ ಎಣ್ಣೆಯಿಂದ ಸಡಿಲಿಸಿ ಸಾಬೂನು ಹಾಕಿ. ಈ ಕಲೆಯನ್ನು ಬಿಡಬೇಕಾಗಿಲ್ಲ, ಬಣ್ಣದ ಡಬ್ಬಿಯನ್ನು ಬದಲಿಸಿದರೆ ಸಾಕು.

ಟ್ಯಾಟೂವಿನ ನೀಲಿಯಲ್ಲಿ ಕೋಬಾಲ್ಟ್, ಹಸಿರಲ್ಲಿ ಕ್ರೋಮಿಯಂ ಇರಬಹುದು, ಲೋಹದ ಅಲರ್ಜಿ ಇರುವವರು ದೂರ ಇರುವುದೇ ಕ್ಷೇಮ. ಕಪ್ಪು ಮೆಹಂದಿಯಲ್ಲಿರುವುದು ಲೋಹವಲ್ಲ, ಕೂದಲ ಬಣ್ಣಕ್ಕೆ ಹಾಕುವ ಪಿಪಿಡಿ ಎಂಬ ರಾಸಾಯನಿಕ. ಅದರಿಂದ ಬರುವ ಅಲರ್ಜಿಯೂ ಜೀವಮಾನದ್ದೇ.

ಊಟದಲ್ಲಿ ಪಥ್ಯ ಬೇಕೇ?

ಬಹುಮಂದಿಗೆ ಬೇಡ. ಎಲ್ಲ ಲೋಹ ತೆಗೆದ ಮೇಲೂ ಅಂಗೈ, ಬೆರಳ ಬದಿಯಲ್ಲಿ ಸಾಬೂದಾನಿಯಂಥ ನೀರ್ಗುಳ್ಳೆ ಮತ್ತೆ ಮತ್ತೆ ಎದ್ದರೆ, ಪ್ಯಾಚ್ ಟೆಸ್ಟ್‌ನಲ್ಲಿ ನಿಕ್ಕಲ್ ಬಲವಾಗಿ ಬಂದಿದ್ದರೆ, ವೈದ್ಯರ ಸಲಹೆಯಲ್ಲಿ 6ರಿಂದ 8 ವಾರ ಕಡಿಮೆ ಮಾಡಿ ನೋಡಬಹುದು. ಹೆಚ್ಚು ನಿಕ್ಕಲ್ ಇರುವವು: ಚಾಕೊಲೇಟು, ಗೇರುಬೀಜ, ನೆಲಗಡಲೆ, ಸೋಯಾ, ಓಟ್ಸ್, ಕಾಳುಗಳು, ಮರುವಾಯಿಯಂಥ ಚಿಪ್ಪುಜೀವಿಗಳು. ಬಿಳಿ ಅನ್ನ, ಮೊಸರು, ಮೊಟ್ಟೆ, ಹೆಚ್ಚಿನ ಮೀನುಗಳಲ್ಲಿ ಕಡಿಮೆ. ಹುಣಸೆ, ಪುನರ್ಪುಳಿ ಹಾಕಿದ ಸಾರನ್ನು ಹೊಸ ಸ್ಟೀಲ್ ಪಾತ್ರೆಯಲ್ಲಿ ಬಹಳ ಹೊತ್ತು ಕುದಿಸಿದರೆ ಸ್ವಲ್ಪ ನಿಕ್ಕಲ್ ಇಳಿಯುತ್ತದೆ. ಇಂಥವರ ಮನೆಯಲ್ಲಿ ಮೀನು ಸಾರಿಗೆ ಮಣ್ಣಿನ ಚಟ್ಟಿಯೇ ಸರಿ.

ಬೆಳೆಯುವ ಮಕ್ಕಳಿಗೆ ಬೇಳೆಕಾಳು ನಿಲ್ಲಿಸಿ ವರ್ಷಗಟ್ಟಲೆ ಪಥ್ಯ ಮಾಡಿಸಬೇಡಿ. ಅದಕ್ಕಿಂತ ಮೊದಲು ರಕ್ತದಲ್ಲಿ ಕಬ್ಬಿಣ ಕಡಿಮೆಯಿದೆಯೇ ನೋಡಿ. ಕರುಳಿನಲ್ಲಿ ಕಬ್ಬಿಣವನ್ನು ಹೀರುವ ದಾರಿಯಲ್ಲೇ ನಿಕ್ಕಲ್ ಕೂಡ ಹೋಗುವುದರಿಂದ, ಕಬ್ಬಿಣದ ಕೊರತೆ ಇರುವವರು ನಿಕ್ಕಲ್ಲನ್ನು ಹೆಚ್ಚು ಹೀರುತ್ತಾರೆ.

ಭರತನಾಟ್ಯದ ರಂಗಪ್ರವೇಶ, ಅಣ್ಣನ ಮದುವೆ. ಆ ದಿನ ಒಡವೆ ಹಾಕಲೇಬೇಕಲ್ಲ?

ಹಾಕಿ. ಮೊದಲು ಚರ್ಮ ಪೂರ್ತಿ ಮಾಯ್ದಿರಬೇಕು. ವಂಕಿ, ವಡ್ಯಾಣ, ಸರಗಳ ಒಳಬದಿಗೆ ಹತ್ತಿಬಟ್ಟೆ ಹೊಲಿಸಿ ಅಥವಾ ಅಂಟಿಸಿ. ಹಿಂದಿನ ರಾತ್ರಿಯೇ ಚರ್ಮಕ್ಕೆ ತಾಗುವ ಭಾಗಕ್ಕೆ ಬಣ್ಣವಿಲ್ಲದ ನೈಲ್ ಪಾಲಿಶ್ ಎರಡು ಲೇಪ ಕೊಟ್ಟು ಒಣಗಿಸಿ. ಓಲೆಯ ಕಡ್ಡಿಗೆ ಮಾತ್ರ ಪಾಲಿಶ್ ನೆಚ್ಚಬೇಡಿ, ತೂತಿನೊಳಗೆ ಉಜ್ಜಿ ಹೋಗುತ್ತದೆ. ಚಿನ್ನದ ಅಥವಾ ಟೈಟಾನಿಯಂ ಕೊಕ್ಕೆಗೆ ಜುಮಕಿ ನೇತುಹಾಕಿಸಿ. ಕಾರ್ಯಕ್ರಮ ಮುಗಿದ ಕೂಡಲೇ, ಫೋಟೋ, ಊಟಕ್ಕೆಂದು ಕಾಯದೆ, ಬಿಚ್ಚಿ ತೊಳೆದುಕೊಳ್ಳಿ.

ಎಸ್ಸೆಸ್ಸೆಲ್ಸಿ, ಪಿಯುಸಿ ಆದ ಮೇಲೆ ಕೋರ್ಸ್ ಆರಿಸುವಾಗ ಇದನ್ನು ಯೋಚಿಸಬೇಕೇ?

ಅಂಗೈಯಲ್ಲಿ ಇಸುಬು ಇರುವವರು ಯೋಚಿಸಬೇಕು. ಕೇಶವಿನ್ಯಾಸ, ನರ್ಸಿಂಗ್, ಹೋಟೆಲ್ ಅಡುಗೆಮನೆ ಇವೆಲ್ಲ ದಿನವಿಡೀ ಒದ್ದೆ ಕೈಯ ಕೆಲಸ. ಐಟಿಐಯ ಫಿಟ್ಟರ್, ಮೆಷಿನಿಸ್ಟ್, ಎಲೆಕ್ಟ್ರೋಪ್ಲೇಟಿಂಗ್‌ನಲ್ಲಿ ಲೋಹ ನೇರವಾಗಿ ಕೈಗೆ ತಾಗುತ್ತದೆ. ಸಿಮೆಂಟಿನಲ್ಲಿ ಕ್ರೋಮಿಯಂ ಇದೆ. ಅಂಗಡಿಯ ಗಲ್ಲಾದಲ್ಲಿ ಕೂರುವವರಿಗೆ ನಾಣ್ಯ: 20 ರೂಪಾಯಿಯ ಹೊರ ಉಂಗುರದಲ್ಲಿ 20 ಶೇಕಡಾ ನಿಕ್ಕಲ್ ಉಂಟು. ಬರೀ ಕಿವಿಯಲ್ಲಿ ಮಾತ್ರ ಅಲರ್ಜಿ ಇದ್ದು ಕೈ ಚೆನ್ನಾಗಿದ್ದರೆ ಇಷ್ಟದ ಕೋರ್ಸ್ ಬಿಡಬೇಕಾಗಿಲ್ಲ. ಸೇರುವ ಮೊದಲು ಪ್ಯಾಚ್ ಟೆಸ್ಟ್ ಮಾಡಿಸಿ, ಆ ವರದಿಯ ಪ್ರತಿಯನ್ನು ಜೋಪಾನವಾಗಿಡಿ. ಮುಂದೆ ಮೂಳೆಗೆ ಪ್ಲೇಟು, ಮಂಡಿಯ ಕೀಲು ಹಾಕಿಸುವ ಸಂದರ್ಭ ಬಂದರೆ ಶಸ್ತ್ರವೈದ್ಯರಿಗೂ ಅದೇ ಕಾಗದ ತೋರಿಸಬೇಕಾಗುತ್ತದೆ.